ಟಾಕೀಸಿನ ಬೀಗದ ಕೈ ಯಾರ ಕೈಲಿ?

ತಾಲ್ಲೂಕು ಕೇಂದ್ರದ ಟಾಕೀಸು ಮುಚ್ಚಿದರೆ ಅದು ಸುದ್ದಿಯೇ ಅಲ್ಲ ಅನ್ನೋ ಕಾಲ ಬಂದುಬಿಟ್ಟಿದೆ. ಮುಚ್ಚಿದ ಜಾಗದಲ್ಲಿ ಕಲ್ಯಾಣ ಮಂಟಪ ಏಳುತ್ತೆ, ಇಲ್ಲಾ ಬಟ್ಟೆ ಅಂಗಡಿ ಏಳುತ್ತೆ, ಎರಡೂ ಇಲ್ಲದಿದ್ದರೆ ಗೋಡೆ ಸೀಳಿಕೊಂಡು ಅರಳಿ ಗಿಡ ಏಳುತ್ತೆ. ಜನ ಒಂದು ದಿನ 'ಅಯ್ಯೋ ಪಾಪ' ಅಂತಾರೆ, ಮಾರನೇ ದಿನ ಮರೀತಾರೆ. ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಕಾಲ ಬದಲಾಯ್ತು ಸ್ವಾಮಿ, ಈಗೆಲ್ಲ ಮೊಬೈಲು."

ಕಾಲದ ಮೇಲೆ ತಪ್ಪು ಹೊರಿಸುವುದು ಬಹಳ ಸುಲಭ. ಅದು ತಿರುಗಿ ಮಾತಾಡೋಲ್ಲ, ಮಾನನಷ್ಟ ಮೊಕದ್ದಮೆ ಹೂಡೋಲ್ಲ. ಆದರೆ ಟಾಕೀಸಿಗೆ ಬೀಗ ಬೀಳುತ್ತಿರುವುದು ಬರೀ ಕಾಲದಿಂದಲೇ? ಯಂತ್ರದಿಂದಲೇ? ಅಥವಾ ಯಂತ್ರದ ಹಿಂದೆ ಕೂತು ಷರತ್ತು ಬರೆಯುವ ಮನುಷ್ಯರಿಂದಲೇ? ಇದನ್ನು ಒಮ್ಮೆ ಕೂತು ವಿಚಾರಿಸುವುದು ಒಳ್ಳೆಯದು.

ದಿನಗಳ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ. ಬೆರಳೆಣಿಸುವ ಮಗುವಿಗೂ ಅರ್ಥವಾಗುವಂಥದ್ದು.

ರಿಷಬ್ ಶೆಟ್ಟಿ ಅವರ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂತು. ಓ.ಟಿ.ಟಿ. ಅನ್ನೋ ಮನೆಯೊಳಗಿನ ಟಾಕೀಸಿಗೆ, ಅಂದರೆ ಮೊಬೈಲಿಗೆ, ಟಿ.ವಿ.ಗೆ ಕನ್ನಡದಲ್ಲಿ ಬಂದದ್ದು ನವೆಂಬರ್ 24ರಂದು. ನಡುವೆ 55 ದಿನ. ಮೂರು ವರ್ಷ ಕಳೆದು ಅವರದೇ 'ಕಾಂತಾರ ಚಾಪ್ಟರ್ 1' ಬಂತು. 2025ರ ಅಕ್ಟೋಬರ್ 2ರ ಗಾಂಧಿ ಜಯಂತಿಗೆ ತೆರೆಗೆ ಬಂದದ್ದು ಅದೇ ತಿಂಗಳ 31ಕ್ಕೆ ಕನ್ನಡ, ತೆಲುಗು, ತಮಿಳು, ಮಲಯಾಳಂ ಭಾಷೆಗಳಲ್ಲಿ ಮೊಬೈಲಲ್ಲಿ ಹಾಜರು. 29 ದಿನ. ಹಿಂದಿ ಅವತರಣಿಕೆ ಮಾತ್ರ ನವೆಂಬರ್ 27ರವರೆಗೆ ಕಾಯಿತು. 56 ದಿನ.

ಸಿನಿಮಾ ಕನ್ನಡದ್ದು. ಕತೆ ನಮ್ಮ ಕರಾವಳಿಯದ್ದು. ಆದರೆ ಕಾನ್ಪುರದ ಥಿಯೇಟರಿಗೆ ಎಂಟು ವಾರದ ರಕ್ಷಣೆ, ಅರಸೀಕೆರೆಯ ಥಿಯೇಟರಿಗೆ ನಾಲ್ಕೇ ವಾರ! ಯಾಕೆ?

ಕಾರಣ ಬಹಳ ಸರಳ. ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಗಳು ಹಿಂದಿ ಸಿನಿಮಾದ ವಿಷಯದಲ್ಲಿ ಒಂದೇ ಮಾತು ಹಿಡಿದು ಕೂತಿವೆ. ಎಂಟು ವಾರಕ್ಕೆ ಮೊದಲೇ ಓ.ಟಿ.ಟಿ.ಗೆ ಕೊಡುವುದಾದರೆ ನಮ್ಮ ಪರದೆ ಸಿಗೋಲ್ಲ, ಅಷ್ಟೇ. ಅವರ ಹಿಂದೆ ನೂರಾರು ಪರದೆ ಇದೆ, ಮಾತು ನಡೆಯುತ್ತೆ. ನಮ್ಮ ಕಡೆ ಟಾಕೀಸಿನ ಮಾಲೀಕ ಒಬ್ಬೊಬ್ಬನೇ. ಒಬ್ಬ ಬೇಡ ಅಂದರೆ ಪಕ್ಕದ ಊರಿನವನು ಹಾಕ್ಕೋತಾನೆ. ಒಂಟಿ ಮನುಷ್ಯನ ಷರತ್ತಿಗೆ ಯಾರು ಬೆಲೆ ಕೊಡ್ತಾರೆ?

ಇಲ್ಲಿ ನಿರ್ಮಾಪಕರನ್ನು ದೂರಿ ಪ್ರಯೋಜನವಿಲ್ಲ. ಕೋಟಿಗಟ್ಟಲೆ ದುಡ್ಡು ಹಾಕಿದವನು ಸಿಕ್ಕ ಬೆಲೆಗೆ, ಸಿಕ್ಕ ಷರತ್ತಿಗೆ ಮಾಲು ಮಾರುತ್ತಾನೆ. ಪ್ರಶ್ನೆ ಇರುವುದು, ಒಂದೇ ಮಾಲಿಗೆ ಎರಡು ಊರಿನಲ್ಲಿ ಎರಡು ನ್ಯಾಯ ಯಾಕಾಯಿತು ಅನ್ನೋದರಲ್ಲಿ.

ಪೆಟ್ಟಿಗೆ ಕಾಲದ ಕಷ್ಟ

ಹಳೇ ಕಾಲವೇ ಚೆಂದ ಅಂತ ಭಜನೆ ಮಾಡುವವರ ಗುಂಪಿಗೆ ಈ ಅಂಕಣ ಸೇರಿಲ್ಲ. ಹಳೇ ಕಾಲದ ಕಷ್ಟ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು.

35 ಎಂ.ಎಂ. ಫಿಲಂ ಸೆಕೆಂಡಿಗೆ 24 ಚಿತ್ರದಂತೆ, ನಿಮಿಷಕ್ಕೆ 90 ಅಡಿ ಓಡುತ್ತೆ. ಎರಡೂವರೆ ಗಂಟೆ ಸಿನಿಮಾ ಅಂದರೆ 13,500 ಅಡಿ. ಸಾವಿರ ಅಡಿಗೊಂದು ರೀಲು ಅಂತ ಹಿಡಿದರೆ ಹದಿಮೂರು, ಹದಿನಾಲ್ಕು ರೀಲು. ಇಷ್ಟನ್ನೂ ತಗಡಿನ ಪೆಟ್ಟಿಗೆಗೆ ತುಂಬಿ, ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಆಫೀಸಿನಿಂದ ರೈಲೋ ಬಸ್ಸೋ ಹತ್ತಿಸಬೇಕು. ಇಲ್ಲಿ ಟಾಕೀಸಿನ ಮುಂದೆ ಜನ "ಬಾಕ್ಸ್ ಬಂತೇನಣ್ಣಾ?" ಅಂತ ಕತ್ತು ಉದ್ದ ಮಾಡಿಕೊಂಡು ಕಾಯಬೇಕು. ಬಸ್ಸು ಕೆಟ್ಟರೆ ಮ್ಯಾಟ್ನಿ ಇಲ್ಲ.

ಪ್ರಿಂಟು ಹಾಕಿಸುವ ಖರ್ಚು ಕೊನೆಕೊನೆಗೆ ಒಂದಕ್ಕೆ ಅರ್ಧ ಲಕ್ಷ ರೂಪಾಯಿ ದಾಟಿತ್ತು. ಹಾಗಾಗಿ ನಿರ್ಮಾಪಕರು ಎಣಿಸಿ ಎಣಿಸಿ ಪ್ರಿಂಟು ತೆಗೆಸುತ್ತಿದ್ದರು. ಮೊದಲು ಬೆಂಗಳೂರು, ಮೈಸೂರು. ಆಮೇಲೆ ಜಿಲ್ಲಾ ಕೇಂದ್ರ. ಆಮೇಲೆ ತಾಲ್ಲೂಕು. ಕಟ್ಟಕಡೆಗೆ ಹೋಬಳಿಯ ಟೆಂಟು. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದು ನಾಡಿಗೆಲ್ಲ ಗೊತ್ತು. ಟೆಂಟಿನ ಮರಳ ಮೇಲೆ ಕೂತು ನೋಡುವವನ ಪಾಲಿಗೆ ಮಾತ್ರ ಯಾವ ಸಿನಿಮಾ ಆದರೂ ಬರುವಷ್ಟರಲ್ಲಿ ಪರದೆ ತುಂಬಾ ಗೀರು. ಬೇಸಿಗೆ ದೃಶ್ಯದಲ್ಲೂ ಮಳೆ ಸುರೀತಿರೋದು. ನಡುವೆ ತುಂಡಾದ ಫಿಲಂ ಅಂಟಿಸಿ ಅಂಟಿಸಿ ಅರ್ಧ ಹಾಡೇ ಮಾಯ.

ಸಿನಿಮಾ ವ್ಯಾಪಾರದವರು ನಾಡನ್ನು ಹಂಚಿಕೊಂಡ ಬಗೆಯೂ ಹಾಗೇ ಇತ್ತು. ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿ.ಕೆ.ಟಿ. ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿ ಎಂ.ಎಂ.ಸಿ.ಎಚ್. ಆ ನಾಲ್ಕು ಅಕ್ಷರದಲ್ಲಿ ನಮ್ಮ ಹಾಸನದ್ದು ಕಡೇ ಅಕ್ಷರ. ಸಿನಿಮಾ ಬರುವ ಸರದಿಯಲ್ಲೂ ನಮ್ಮದು ಹಿಂದಿನ ಸಾಲೇ.

ಆದರೂ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ತಡವಾಗಿಯಾದರೂ ಬಂದ ಸಿನಿಮಾ ಹೊಸದಾಗಿಯೇ ಇರುತ್ತಿತ್ತು. ಆ ಊರಿನವರು ಅದನ್ನು ಬೇರೆಲ್ಲೂ ನೋಡಿರುತ್ತಿರಲಿಲ್ಲ. ಪೆಟ್ಟಿಗೆ ಒಳಗೆ ಬಂದ ಮೇಲೆ ಆ ವಾರ ಸಿನಿಮಾ ಊರಿನದೇ. ಅದರ ಸುತ್ತ ಆಪರೇಟರು, ಗೇಟ್ ಕೀಪರು, ಸೈಕಲ್ ಸ್ಟ್ಯಾಂಡಿನವನು, ಪೋಸ್ಟರ್ ಅಂಟಿಸುವ ಹುಡುಗ, ಸೋಡಾದವನು, ಕಡಲೆಕಾಯಿ ಅಜ್ಜಿ, ಎಲ್ಲರ ಒಲೆಯೂ ಉರಿಯುತ್ತಿತ್ತು.

ಆಕಾಶ ಮಾರ್ಗದ ಸಿನಿಮಾ

2005ರ ಆಸುಪಾಸಿನಲ್ಲಿ ಡಿಜಿಟಲ್ ಬಂತು. ಯು.ಎಫ್.ಓ., ಕ್ಯೂಬ್ ಮುಂತಾದ ಕಂಪನಿಗಳು ರೀಲಿನ ಬದಲು ಹಾರ್ಡ್ ಡಿಸ್ಕಿನಲ್ಲಿ, ಉಪಗ್ರಹದ ಮೂಲಕ ಸಿನಿಮಾ ಕಳಿಸತೊಡಗಿದವು. ನೋಡನೋಡುತ್ತಾ ರೀಲು ಇತಿಹಾಸ ಸೇರಿತು. ಜಪಾನಿನ ಫ್ಯೂಜಿಫಿಲ್ಮ್ ಕಂಪನಿ 2013ರಲ್ಲಿ ಸಿನಿಮಾ ಫಿಲಂ ತಯಾರಿಕೆಯನ್ನೇ ನಿಲ್ಲಿಸಿತು.

ಇದರಿಂದ ಊರುಗಳಿಗೆ ಆದ ಒಳಿತನ್ನು ಇಲ್ಲ ಅಂದರೆ ಬಾಯಿಗೆ ಹುಳ ಬೀಳುತ್ತೆ. ಬೆಂಗಳೂರಿನಲ್ಲಿ ಶುಕ್ರವಾರ ಬೆಳಿಗ್ಗೆ ಬಂದ ಸಿನಿಮಾ ಹೊಳೆನರಸೀಪುರಕ್ಕೂ ಶುಕ್ರವಾರ ಬೆಳಿಗ್ಗೆಯೇ. ಗೀರಿಲ್ಲ, ಮಳೆ ಇಲ್ಲ, ಹಾಡು ಕತ್ತರಿಸಿಲ್ಲ. ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಮೊದಲ ಸಲ ತಾಲ್ಲೂಕಿನವನೂ ರಾಜಧಾನಿಯವನೂ ಒಂದೇ ಹೊತ್ತಿಗೆ ಒಂದೇ ಥರದ ಸಿನಿಮಾ ನೋಡಿದರು. 2025ರ ಜುಲೈ 25ಕ್ಕೆ ಬಂದ 'ಸು ಫ್ರಮ್ ಸೋ' ನೋಡಿ. ದೊಡ್ಡ ಹೆಸರಿಲ್ಲ, ಅಬ್ಬರವಿಲ್ಲ. ಮೊದಲ ದಿನ ಆಟಗಳೂ ಕಮ್ಮಿ. ಬಾಯಿಂದ ಬಾಯಿಗೆ ಮಾತು ಹಬ್ಬಿ, ಆ ವಾರಾಂತ್ಯದಲ್ಲೇ ಆಟಗಳು ಎಷ್ಟೋ ಪಟ್ಟು ಹೆಚ್ಚಾದವು. ರೀಲಿನ ಕಾಲದಲ್ಲಿ ರಾತ್ರೋರಾತ್ರಿ ಪ್ರಿಂಟು ಎಲ್ಲಿಂದ ತರೋದು? ಈ ಉಪಕಾರ ಡಿಜಿಟಲ್‌ನದೇ.

ಆದರೆ ಬಂದ ಸಿನಿಮಾದ ಜೊತೆ ಒಂದು ಬೀಗವೂ ಬಂತು. ಹಾರ್ಡ್ ಡಿಸ್ಕು ಟಾಕೀಸಿನ ಒಳಗಿದ್ದರೂ ಸಿನಿಮಾ ಓಡೋಲ್ಲ. ಅದಕ್ಕೆ ಕೆ.ಡಿ.ಎಂ. ಅನ್ನೋ ಬೀಗದ ಕೈ ಬೇರೆಯಾಗಿ ಬರಬೇಕು. ಇಂಥ ಥಿಯೇಟರು, ಇಂಥ ಯಂತ್ರ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದರಲ್ಲಿ ಬರೆದಿರುತ್ತೆ. ಗಡುವು ಮುಗಿಯಿತೋ, ಪರದೆ ಕಪ್ಪು. ಕಳ್ಳ ಕಾಪಿ ತಡೆಯೋಕೆ ಇದು ಬೇಕು ಅನ್ನೋದು ನಿಜ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದರೆ ಮೂರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷಕ್ಕೆ ಕಮ್ಮಿಯಿಲ್ಲದ ದಂಡ. ಕಳ್ಳನಿಗೆ ಬೀಗ ಹಾಕಲಿ, ಸಂತೋಷ. ಆದರೆ ಮನೆ ಯಜಮಾನನೇ ದಿನಾ ಬೀಗದ ಕೈ ಕೇಳಿಕೊಂಡು ನಿಲ್ಲಬೇಕಾಗಿ ಬಂದಿದೆಯಲ್ಲ, ಅದನ್ನೂ ನೋಡಬೇಕು.

ಇದರ ಬಾಡಿಗೆಯೂ ಸಣ್ಣದಲ್ಲ. ವಿ.ಪಿ.ಎಫ್. ಅಂತ ಒಂದು ಶುಲ್ಕ. ಅಂದರೆ, ಇಲ್ಲದ ಪ್ರಿಂಟಿನ ಖರ್ಚು. ನಿರ್ಮಾಪಕ ರೀಲಿನ ದುಡ್ಡು ಉಳಿಸಿಕೊಂಡ ಅಂತ ಅದರ ಒಂದು ಪಾಲನ್ನು ಪರದೆಗೆ ಇಷ್ಟು, ವಾರಕ್ಕೆ ಇಷ್ಟು ಅಂತ ಕಂಪನಿಗೆ ಕಟ್ಟಬೇಕು. ಪ್ರೊಜೆಕ್ಟರಿಗೆ ಹಾಕಿದ ಬಂಡವಾಳ ವಾಪಸಾಗುವವರೆಗೆ ಅಂತ ಹಾಲಿವುಡ್‌ನಲ್ಲಿ ಶುರುವಾದ ಪದ್ಧತಿ ಇದು. ಬಂಡವಾಳ ಯಾವತ್ತೋ ವಾಪಸಾಯ್ತಲ್ಲ, ಇನ್ನೂ ಯಾಕೆ ಕಟ್ಟಬೇಕು ಅಂತ 2018ರ ಮಾರ್ಚಿಯಲ್ಲಿ ದಕ್ಷಿಣದ ರಾಜ್ಯಗಳ ನಿರ್ಮಾಪಕರು ಸೇರಿ ಹೊಸ ಸಿನಿಮಾ ಬಿಡುಗಡೆಯನ್ನೇ ನಿಲ್ಲಿಸಿದರು. ಮಾತುಕತೆ ಆಗಿ ದರ ಇಳಿಯಿತು, ಆಟ ಮತ್ತೆ ಶುರುವಾಯಿತು. ಆ ಜಗಳದಿಂದ ಕಲಿಯಬೇಕಾದ ಪಾಠ ಒಂದಿದೆ. ಒಟ್ಟಾಗಿ ನಿಂತಾಗ ದರ ಇಳಿಯಿತು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತೆ.

ಆಪತ್ಕಾಲದ ಧರ್ಮ

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮೊಬೈಲು ಡೇಟಾ ಅಗ್ಗವಾಯಿತು. ಹಳ್ಳಿ ಹುಡುಗನ ಅಂಗೈಯಲ್ಲೂ ಸಿನಿಮಾ ಓಡತೊಡಗಿತು. 2020ರಲ್ಲಿ ಕೊರೊನಾ ಬಂದು ಟಾಕೀಸುಗಳಿಗೆಲ್ಲ ಬೀಗ ಬಿತ್ತು. ಪುನೀತ್ ರಾಜ್‌ಕುಮಾರ್ ಅವರ ಪಿ.ಆರ್.ಕೆ. ಸಂಸ್ಥೆಯ 'ಲಾ' ಆ ವರ್ಷದ ಜುಲೈ 17ಕ್ಕೆ, 'ಫ್ರೆಂಚ್ ಬಿರಿಯಾನಿ' ಜುಲೈ 24ಕ್ಕೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲೇ ಬಿಡುಗಡೆಯಾದವು. ಯಾರೂ ತಪ್ಪು ಅನ್ನಲಿಲ್ಲ. ಮನೆಯಲ್ಲಿ ಕೂತ ಜನಕ್ಕೆ ಅದೊಂದೇ ದಾರಿ. 2021ರ ಏಪ್ರಿಲ್ 1ರಂದು ಥಿಯೇಟರಿಗೆ ಬಂದ 'ಯುವರತ್ನ' ಏಪ್ರಿಲ್ 9ಕ್ಕೇ ಓ.ಟಿ.ಟಿ.ಗೆ ಹೋಯಿತು. ಅರ್ಧ ಸೀಟು ಖಾಲಿ ಬಿಡಬೇಕು ಅಂತ ಸರ್ಕಾರದ ಆಜ್ಞೆ ಬಂದಾಗ ನಿರ್ಮಾಪಕರು ಇನ್ನೇನು ಮಾಡಬೇಕಿತ್ತು?

ಆಪತ್ಕಾಲದಲ್ಲಿ ನಡೆದದ್ದು ಸರಿಯೇ. ಆ ಧರ್ಮವೇ ನಿತ್ಯಧರ್ಮವಾಗಿ ಕೂತದ್ದು ತೊಂದರೆ.

ನಾಲ್ಕು ವಾರ ಸಾಲದೇನಯ್ಯಾ ಅಂತ ಬೆಂಗಳೂರಿನವರು ಕೇಳಬಹುದು. ಸಾಲದು. ಹೇಗೆ ಅನ್ನೋದನ್ನು ಒಂದೇ ಪರದೆ ಇರುವ ಊರಿಗೆ ಬಂದು ನೋಡಬೇಕು. ಹಬ್ಬದ ವಾರ ದೊಡ್ಡ ಸಿನಿಮಾ ಮೂರು ಬರುತ್ತವೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಮೂರಕ್ಕೂ ಮೂರು ಪರದೆ. ಇಲ್ಲಿ ಮೊದಲನೆಯದು ಎರಡು ವಾರ ಓಡಿದ ಮೇಲೆ ಎರಡನೆಯದರ ಸರದಿ. ಮೂರನೆಯದು ಪರದೆಗೆ ಬರುವ ಹೊತ್ತಿಗೆ ಮೊಬೈಲಿನಲ್ಲಿ ಅದರ ಜಾಹೀರಾತು ಬಂದಾಗಿರುತ್ತೆ. ಸಂಸಾರಸ್ಥರಂತೂ ಮೊದಲ ವಾರ ಬರುವವರೇ ಅಲ್ಲ. ಸಂಬಳ ಆಗಬೇಕು, ಶುಂಠಿಯದೋ ಆಲೂಗಡ್ಡೆಯದೋ ದುಡ್ಡು ಕೈಗೆ ಬರಬೇಕು, ಮಕ್ಕಳ ಪರೀಕ್ಷೆ ಮುಗೀಬೇಕು. ಇಷ್ಟು ಹೊತ್ತಿಗೆ ತಿಂಗಳು ಕಳೆದಿರುತ್ತೆ. "ಮುಂದಿನ ವಾರ ಮೊಬೈಲಲ್ಲೇ ಬರುತ್ತಂತೆ, ಸುಮ್ನೆ ಯಾಕೆ ಹೋಗೋದು" ಅನ್ನೋ ಒಂದು ಮಾತು ಟಾಕೀಸಿನ ಐವತ್ತು ಟಿಕೆಟ್ಟಿಗೆ ಕಲ್ಲು ಹಾಕುತ್ತೆ. ಸಿನಿಮಾ ನೋಡುವ ಆಸೆ ಕಮ್ಮಿಯಾಗಿ ಹೀಗಾಗಿಲ್ಲ. ಸರದಿ ತಪ್ಪಿ ಹೀಗಾಗಿದೆ.

ಬೆಂಗಳೂರಿನ ಸುಬೇದಾರ್ ಛತ್ರಂ ರಸ್ತೆಯ ಕಪಾಲಿ 2017ರಲ್ಲಿ ಆಟ ನಿಲ್ಲಿಸಿತು. ಮೈಸೂರಿನ ಶಾಂತಲಾ 2020ರಲ್ಲಿ ಬಾಗಿಲು ಹಾಕಿತು. ದೊಡ್ಡ ಊರಿನ ಹೆಸರಾಂತ ಥಿಯೇಟರು ಹೋದರೆ ನಾಲ್ಕು ಪತ್ರಿಕೆಯಲ್ಲಿ ಫೋಟೋ ಬರುತ್ತೆ. ಅರಕಲಗೂಡು, ಆಲೂರಿನಂಥ ಊರಿನಲ್ಲಿ ಒಂದು ಪರದೆ ಹೋದರೆ ಅದಕ್ಕೆ ಅಷ್ಟೂ ಇಲ್ಲ.

ಸಣ್ಣ ಸಿನಿಮಾದ ಗತಿ

ಥಿಯೇಟರು ಹೋದರೇನು, ಓ.ಟಿ.ಟಿ. ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಕನ್ನಡದ ಎಲ್ಲ ಸಿನಿಮಾವನ್ನೂ ಓ.ಟಿ.ಟಿ.ಯವರು ಕೈ ಚಾಚಿ ಕರೀತಾರೆ ಅಂತ ತಿಳಿದಿದ್ದರೆ ಅದು ಭ್ರಮೆ. ರಕ್ಷಿತ್ ಶೆಟ್ಟಿ ಹೆಸರು ಕೇಳದವರು ಯಾರು? ಅವರ ಪರಂವಃ ಸಂಸ್ಥೆ ನಿರ್ಮಿಸಿದ 'ಏಕಂ' ಅನ್ನೋ ಕನ್ನಡ ಸರಣಿ ಮುಗಿದು ವರ್ಷಗಳಾದರೂ ಕೊಳ್ಳುವ ಓ.ಟಿ.ಟಿ. ಸಿಗಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಸ್ವಂತ ಅಂಗಡಿ ತೆರೆದಂತೆ ತಮ್ಮದೇ ತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಹೆಸರು ಮಾಡಿದವರ ಪಾಡೇ ಹೀಗಾದರೆ, ಸಾಲ ಮಾಡಿ ಮೊದಲ ಸಿನಿಮಾ ತೆಗೆದ ಹುಡುಗನ ಪಾಡೇನು?

ಅವನ ಸಿನಿಮಾವನ್ನು ಓ.ಟಿ.ಟಿ.ಯವರು ಕೇಳುವುದು "ಥಿಯೇಟರಿನಲ್ಲಿ ಹೇಗೆ ಓಡಿತು?" ಅಂತ. ಥಿಯೇಟರಿನಲ್ಲಿ ಜನ ಕೇಳುವುದು "ಓ.ಟಿ.ಟಿ.ಗೆ ಯಾವಾಗ ಬರುತ್ತೆ?" ಅಂತ. ಅತ್ತ ದರಿ, ಇತ್ತ ಪುಲಿ. ಊರೂರಿನ ಪರದೆ ಉಳಿದರೆ ಇಂಥ ಸಿನಿಮಾಕ್ಕೂ ಒಂದು ಅಳತೆಗೋಲು ಉಳಿಯುತ್ತೆ. ಅದೂ ಹೋದರೆ ಮುಂಬೈಯಲ್ಲೋ ಅಮೆರಿಕದಲ್ಲೋ ಕೂತವರು ಕೊಟ್ಟದ್ದೇ ಅಂಕ.

ಮಾಲೀಕರಿಗೂ ಒಂದು ಕಿವಿಮಾತು

ಟಾಕೀಸಿನ ಮಾಲೀಕರ ಪರ ಇಷ್ಟು ಬರೆದ ಮೇಲೆ ಅವರ ಕಿವಿಯನ್ನೂ ಹಿಂಡದೆ ಬಿಟ್ಟರೆ ನ್ಯಾಯವಾಗೋಲ್ಲ. ಹೆಂಗಸರು ಕಾಲಿಡಲಾರದ ಶೌಚಾಲಯ, ಸ್ಪ್ರಿಂಗು ಹೊರಬಂದ ಕುರ್ಚಿ, ಬೇಸಿಗೆಯಲ್ಲಿ ತಿರುಗದ ಫ್ಯಾನು, ಒಂದೇ ಪಕ್ಕದಲ್ಲಿ ಕಿರುಚುವ ಸ್ಪೀಕರು. ಇಷ್ಟನ್ನೂ ಇಟ್ಟುಕೊಂಡು "ಜನ ಬರ್ತಿಲ್ಲ" ಅಂದರೆ ಯಾರು ನಂಬುತ್ತಾರೆ? ಸಿನಿಮಾ ಓ.ಟಿ.ಟಿ.ಯಿಂದ ಕೆಟ್ಟಿತು, ಶೌಚಾಲಯ ಯಾರಿಂದ ಕೆಟ್ಟಿತು ಸ್ವಾಮಿ?

ನೋಡುವವನ ಜೇಬಿನ ಮಾತೂ ಇದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ನ್ಯಾಯಾಲಯದ ವಿಷಯಕ್ಕೆ ನಾವು ಕೈ ಹಾಕೋಲ್ಲ. ಆದರೆ ಆ ಜಗಳ ಮಲ್ಟಿಪ್ಲೆಕ್ಸಿನದು. ತಾಲ್ಲೂಕಿನ ಟಾಕೀಸಿಗೆ ಆದದ್ದು ಬೇರೆ ಉಪಕಾರ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿ ಒಳಗಿನ ಟಿಕೆಟ್ಟಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಹೀಗೆ ಉಳಿದ ದುಡ್ಡಿನಲ್ಲಿ ಮೊದಲು ಶೌಚಾಲಯಕ್ಕೆ ನೀರು ಬರಲಿ. ಸಂಸಾರ ಬರುವ ದಾರಿ ಅಲ್ಲಿಂದಲೇ ಶುರುವಾಗುತ್ತೆ.

ಆಗಬೇಕಾದದ್ದೇನು?

ದೂರುವುದು ಸುಲಭ, ದಾರಿ ಹೇಳು ಅಂತ ಓದುಗರು ಕೇಳುವುದು ಸಹಜ. ಮೂರು ಮಾತು ಹೇಳುತ್ತೇವೆ.

ಒಂದು: ಎಂಟು ವಾರ. ಹಿಂದಿಗೆ ಇರುವ ನಿಯಮ ಕನ್ನಡಕ್ಕೂ ಬೇಕು. ಇದಕ್ಕೆ ಕಾನೂನು ಬೇಡ, ಒಗ್ಗಟ್ಟು ಸಾಕು. 1944ರಿಂದ ಇರುವ ವಾಣಿಜ್ಯ ಮಂಡಳಿ ಇರೋದೇ ಇಂಥ ಕೆಲಸಕ್ಕೆ. ನಿರ್ಮಾಪಕರು, ಹಂಚಿಕೆದಾರರು, ಪ್ರದರ್ಶಕರು ಮೂವರೂ ಕೂರುವ ಜಾಗ ಅದು. ಚುನಾವಣೆ ಬಂದಾಗ ಜಿಲ್ಲೆ ಜಿಲ್ಲೆಯ ಪ್ರದರ್ಶಕರನ್ನು ನೆನೆಯುವ ಮಂಡಳಿಯ ಮುಖಂಡರು ಈಗಲೂ ಒಮ್ಮೆ ನೆನೆಯಲಿ. 2018ರಲ್ಲಿ ಒಟ್ಟಾಗಿ ನಿಂತವರಿಗೆ ಈಗ ನಿಲ್ಲೋದಕ್ಕೆ ಏನು ಅಡ್ಡಿ? ಸೋತ ಸಿನಿಮಾಕ್ಕೆ ವಿನಾಯಿತಿ ಇರಲಿ. ಎರಡನೇ ವಾರಕ್ಕೆ ಎಲ್ಲ ಕಡೆ ಪರದೆಯಿಂದ ಇಳಿದ ಬಡಪಾಯಿ ನಿರ್ಮಾಪಕನನ್ನು ಎಂಟು ವಾರ ಕಟ್ಟಿಹಾಕುವುದು ಅನ್ಯಾಯ.

ಎರಡು: ಸರ್ಕಾರದ ಓ.ಟಿ.ಟಿ. 2025ರ ಮಾರ್ಚಿಯ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡ ಸಿನಿಮಾಗಳಿಗೆ ಸರ್ಕಾರದಿಂದಲೇ ಓ.ಟಿ.ಟಿ. ವೇದಿಕೆ ಅಂತ ಘೋಷಿಸಿದರು. ಕೇರಳ ಸರ್ಕಾರ ಇದಕ್ಕೆ ಒಂದು ವರ್ಷ ಮೊದಲೇ, 2024ರ ಮಾರ್ಚಿಯಲ್ಲಿ ಸಿ-ಸ್ಪೇಸ್ ತೆರೆಯಿತು. ಅಲ್ಲಿ ತಿಂಗಳ ಚಂದಾ ಇಲ್ಲ. ನೋಡಿದ ಸಿನಿಮಾಕ್ಕೆ 75 ರೂಪಾಯಿ, ಅದರಲ್ಲಿ ನಿರ್ಮಾಪಕನಿಗೆ ಪಾಲು. ನಮ್ಮದೂ ಹಾಗೇ ಇರಲಿ. ಸಹಾಯಧನಕ್ಕಾಗಿ ಸುತ್ತಿಟ್ಟ ಸಿನಿಮಾಗಳ ಗೋದಾಮು ಆಗುವುದು ಬೇಡ. ಎಷ್ಟು ಜನ ನೋಡಿದರು, ಎಷ್ಟು ದುಡ್ಡು ಬಂತು ಅನ್ನೋ ಲೆಕ್ಕ ನಿರ್ಮಾಪಕನ ಕಣ್ಣಿಗೆ ಕಾಣುವಂತಿರಲಿ. ಖಾಸಗಿ ಕಂಪನಿಯ ಓ.ಟಿ.ಟಿ.ಯಲ್ಲಿ ಆ ಲೆಕ್ಕದ ಪುಸ್ತಕ ಕಂಪನಿಯ ಬಗಲಲ್ಲೇ ಇರುತ್ತೆ.

ಮೂರು: ನೋಡುವ ನಾವು. ಕನ್ನಡ ಉಳೀಬೇಕು ಅಂತ ನವೆಂಬರ್ ತಿಂಗಳು ಪೂರ್ತಿ ಶಾಲು ಹೊದ್ದು ಭಾಷಣ ಮಾಡುವವರು, ತಮ್ಮ ಊರಿನ ಟಾಕೀಸಿಗೆ ಕಡೇ ಸಲ ಹೋದದ್ದು ಯಾವಾಗ ಅಂತ ತಮ್ಮನ್ನೇ ಕೇಳಿಕೊಳ್ಳಲಿ. ಟೆಲಿಗ್ರಾಂನಲ್ಲಿ ಕದ್ದ ಕಾಪಿ ಇಳಿಸಿ ಹಂಚುವ ಹುಡುಗರಿಗೂ ಇದೇ ಮಾತು. ಮೆಚ್ಚಿನ ನಟನ ಕಟೌಟಿಗೆ ಹಾಲು ಸುರಿದು, ಅದೇ ಸಂಜೆ ಅವನ ಸಿನಿಮಾ ಕದ್ದು ಕಳಿಸುವುದು ಯಾವ ಸೀಮೆ ಅಭಿಮಾನ?

ಯಂತ್ರಕ್ಕೆ ಊರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಬೆಂಗಳೂರಿಗೂ ಆಲೂರಿಗೂ ಒಂದೇ ಕ್ಷಣದಲ್ಲಿ ಸಿನಿಮಾ ತಲುಪಿಸುವ ಶಕ್ತಿ ಅದಕ್ಕಿದೆ. ಅದನ್ನು ನಾಲ್ಕು ವಾರಕ್ಕೆ ಕಟ್ಟಿದವರು ಮನುಷ್ಯರು, ಎಂಟು ವಾರಕ್ಕೆ ಬಿಡಿಸಬೇಕಾದವರೂ ಮನುಷ್ಯರೇ. ಕೇಳುವವರು ಒಟ್ಟಾಗಿ ಕೇಳಿದರೆ ಬೀಗದ ಕೈ ಸಿಗುತ್ತೆ. ಕೇಳದೆ ಕೂತರೆ ಆ ಬೀಗವೇ ನಾಳೆ ಟಾಕೀಸಿನ ಮುಂಬಾಗಿಲಿಗೆ ಬೀಳುತ್ತೆ.